ರಾಯಚೂರಿನ ಹಳೆಯ ಊರನ್ನು ಗೆಳೆಯರೊಂದಿಗೆ ಒಂದು ದಿನ ನಡೆದು ನೋಡುವ ಬಗೆ

ರಾಯಚೂರಿಗೆ ಬರುವವರಲ್ಲಿ ಬಹುಪಾಲು ಜನ ಈ ಊರನ್ನು ನೋಡಲೆಂದು ಬರುವುದಿಲ್ಲ. ಮಂತ್ರಾಲಯಕ್ಕೆ ಹೋಗುವವರು ಇಲ್ಲಿ ಬಸ್ಸು ಬದಲಿಸುತ್ತಾರೆ, ಮುಂಬೈಯಿಂದ ಚೆನ್ನೈ ಕಡೆಗೆ ಹೊರಟವರು ರೈಲಿನ ಕಿಟಕಿಯಿಂದ ಗುಡ್ಡವನ್ನೊಮ್ಮೆ ನೋಡಿ ಮುಂದೆ ಸಾಗುತ್ತಾರೆ, ಅಳಿದುಳಿದವರು ಬಸ್ ನಿಲ್ದಾಣದ ಸನಿಹದಲ್ಲೇ ಇರುವ ಕೋಟೆಯ ಗೋಡೆಯ ಪಕ್ಕದಲ್ಲಿ ಚಹಾ ಕುಡಿದು ಹೊರಡುತ್ತಾರೆ. ಆ ಗೋಡೆಗೆ ಏಳು ಶತಮಾನಗಳಿಗೂ ಮೀರಿದ ವಯಸ್ಸಾಗಿದೆ ಎಂಬುದು ಚಹಾ ಕುಡಿಯುವವರಿಗೆ ಗೊತ್ತಿರುವುದಿಲ್ಲ. ಒಂದು ಪೂರ್ತಿ ದಿನವನ್ನು ತೆಗೆದಿಟ್ಟು, ನಾಲ್ಕಾರು ಜನ ಗೆಳೆಯರು ಕೂಡಿ, ವಾಹನವನ್ನು ಮರೆತು ನಡೆದರೆ ಈ ಊರು ತನ್ನನ್ನು ಹೇಗೆ ತೆರೆದು ತೋರಿಸುತ್ತದೆ ಎಂಬುದನ್ನು ಹಲವು ಸಲ ನಡೆದು ಕಂಡುಕೊಂಡಿರುವುದರಿಂದ, ಹಾಗೆ ನಡೆಯಬಯಸುವವರಿಗೆ ನೆರವಾಗಲೆಂದು ಈ ಕ್ರಮವನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ರಾಯಚೂರು ಕೋಟೆಗೆ ಸುತ್ತುಗೋಡೆ ಒಂದಲ್ಲ, ಎರಡು. ಈ ಎರಡು ಗೋಡೆಗಳಲ್ಲಿ ತಾವು ಯಾವುದರ ಬಳಿ ನಿಂತಿದ್ದೇವೆ ಎಂದು ಗುರುತಿಸಲು ಕಲಿತರೆ ಉಳಿದದ್ದೆಲ್ಲ ತಾನಾಗಿಯೇ ಅರ್ಥವಾಗುತ್ತದೆ. ಕಲಿಯದಿದ್ದರೆ ಇಡೀ ದಿನ ನಡೆದರೂ ಕಲ್ಲಿನ ರಾಶಿಗಳನ್ನು ನೋಡಿದಂತಾಗುತ್ತದೆಯೇ ಹೊರತು ಊರನ್ನು ನೋಡಿದಂತಾಗುವುದಿಲ್ಲ. ಆದ್ದರಿಂದ ಈ ಗುರುತಿಸುವ ಕೆಲಸಕ್ಕೆ ಮುಂದೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹೊರಡುವ ಮುನ್ನ

ನಡಿಗೆಗೆ ನವೆಂಬರ್‌ನಿಂದ ಫೆಬ್ರವರಿಯವರೆಗಿನ ನಾಲ್ಕು ತಿಂಗಳು ಯೋಗ್ಯವಾದ ಕಾಲ. ಮಾರ್ಚ್ ಅರ್ಧ ಕಳೆಯಿತೆಂದರೆ ಇಲ್ಲಿನ ಬಂಡೆಗಳು ಬೆಳಗಿನ ಒಂಬತ್ತು ಗಂಟೆಗೇ ಕಾಯಲು ಶುರುವಾಗುತ್ತವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿಯನ್ನು ದಾಟುವುದು ಈ ಭಾಗದ ಜನರಿಗೆ ಹೊಸ ಸುದ್ದಿಯೇನೂ ಅಲ್ಲ. ಒಮ್ಮೆ ಮಾರ್ಚ್ ಕೊನೆಯ ವಾರದಲ್ಲಿ ನಾವು ಐವರು ತಿಂಡಿ, ಮಾತು, ಫೋಟೊ ಎಂದು ಕಾಲ ಕಳೆದು ಹತ್ತು ಗಂಟೆಯ ಮೇಲೆ ಗುಡ್ಡ ಹತ್ತಲು ಹೊರಟೆವು. ಐವರಿಗೆ ಕೂಡಿ ಎರಡೇ ಬಾಟಲಿ ನೀರಿತ್ತು. ಅರ್ಧ ದಾರಿಯಲ್ಲಿ ಗೆಳೆಯನೊಬ್ಬನಿಗೆ ತಲೆ ಸುತ್ತಿ, ಅವನನ್ನು ಒಂದು ಬಂಡೆಯ ನೆರಳಿನಲ್ಲಿ ಮಲಗಿಸಬೇಕಾಯಿತು. ಇಬ್ಬರು ಕೆಳಗಿಳಿದು ಬಂದಾಗ ಗುಡ್ಡದ ಬುಡದ ಮನೆಯೊಂದರ ತಾಯಿ ನಮ್ಮನ್ನು ಏನೂ ಕೇಳದೆ ಒಂದು ತಂಬಿಗೆ ತುಂಬ ಉಪ್ಪು ಹಾಕಿದ ಮಜ್ಜಿಗೆ ಕೊಟ್ಟು ಕಳಿಸಿದರು. ಅಂದಿನಿಂದ ತಲೆಗೆ ಎರಡು ಲೀಟರ್ ನೀರು ಮತ್ತು ಒಂದು ಟವೆಲು ಇಲ್ಲದವರನ್ನು ನಾನು ಜೊತೆಗೆ ಕರೆದುಕೊಂಡು ಹೋಗುವುದಿಲ್ಲ.

ಗುಂಪಿನಲ್ಲಿ ನಾಲ್ಕರಿಂದ ಆರು ಜನರಿದ್ದರೆ ಸಾಕು. ಅದಕ್ಕಿಂತ ಹೆಚ್ಚಾದರೆ ಹಳೆಯ ಪೇಟೆಯ ಓಣಿಗಳಲ್ಲಿ ನಿಂತು ಮಾತಾಡಲು ಜಾಗ ಸಾಲದು, ಮನೆಗಳ ಮುಂದೆ ಗದ್ದಲವೂ ಆಗುತ್ತದೆ. ಎಲ್ಲರ ನಡಿಗೆಯ ವೇಗ ಒಂದೇ ಆಗಿರುವುದಿಲ್ಲವಾದ್ದರಿಂದ ನಿಧಾನವಾಗಿ ನಡೆಯುವವರನ್ನೇ ಮುಂದೆ ಬಿಡಿ, ಊರು ತಿಳಿದವರು ಕೊನೆಯಲ್ಲಿ ಬರಲಿ. ಮೊಣಕಾಲು ನೋವಿರುವವರು ಗುಡ್ಡದ ತುದಿಯವರೆಗೆ ಬರಲೇಬೇಕೆಂದು ಒತ್ತಾಯಿಸಬೇಡಿ. ಕೆಳಗಿನ ಗೋಡೆಗಳಲ್ಲಿಯೇ ಈ ಊರಿನ ಅತ್ಯುತ್ತಮ ವಸ್ತುಗಳಿವೆ. ಹಿಂದೆ ಪಟ್ಟಿಯಿರುವ, ತಳ ಜಾರದ ಪಾದರಕ್ಷೆಯನ್ನು ಹಾಕಿಕೊಳ್ಳಿ. ದರ್ಗಾ, ಮಸೀದಿ, ಗುಡಿಗಳ ಮುಂದೆ ಮೇಲಿಂದ ಮೇಲೆ ಅದನ್ನು ಬಿಚ್ಚಬೇಕಾಗುವುದರಿಂದ ಲೇಸು ಕಟ್ಟುವ ಬೂಟಿಗಿಂತ ಪಟ್ಟಿಯ ಚಪ್ಪಲಿಯೇ ಅನುಕೂಲ. ಶುಕ್ರವಾರ ಬಂದರೆ ಮಧ್ಯಾಹ್ನದ ಜುಮ್ಮಾ ನಮಾಜಿನ ಹೊತ್ತನ್ನು ಮಸೀದಿಗಳಿಂದ ದೂರ ಕಳೆಯಿರಿ. ಕೈಚೀಲದಲ್ಲಿ ಒಂದು ಚಿಕ್ಕ ಟಾರ್ಚು ಇರಲಿ. ಅದರ ಉಪಯೋಗ ಕತ್ತಲೆಗಲ್ಲ, ಕಲ್ಲಿನ ಕೆತ್ತನೆಗೆ. ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಬೆಳಿಗ್ಗೆ: ಮೊದಲು ಗುಡ್ಡ

ಚಳಿಗಾಲದಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಆರೂವರೆಯಿಂದ ಆರು ಮುಕ್ಕಾಲರ ನಡುವೆ. ಆರು ಗಂಟೆಗೆ ಗುಡ್ಡದ ಬುಡದಲ್ಲಿ ಸೇರಿ, ಬೆಳಕು ಹರಿಯುತ್ತಿದ್ದಂತೆ ಹತ್ತಲು ಶುರು ಮಾಡಿ. ದಾರಿಯ ಬಗ್ಗೆ ಅನುಮಾನ ಬಂದರೆ ಮೊಬೈಲಿನ ನಕ್ಷೆಗಿಂತ ಅಲ್ಲಿ ಎದುರಾಗುವವರನ್ನು ಕೇಳುವುದು ಒಳ್ಳೆಯದು. ಇಲ್ಲಿನ ಜನ ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ಉಸಿರಿನಲ್ಲಿ ಆಡುವವರು. ಹಿರಿಯರನ್ನು ‘ಅಜ್ಜಾರ’ ಎಂದೋ ‘ಚಾಚಾ’ ಎಂದೋ ಕರೆದು ‘ಬಾಲಾ ಹಿಸ್ಸಾರಕ್ಕ ಹೋಗೊ ದಾರಿ ಯಾವ್ದರೀ’ ಎಂದು ಕೇಳಿದರೆ ಕೈ ತೋರಿಸಿ ಸುಮ್ಮನಾಗದೆ ನಾಲ್ಕು ಹೆಜ್ಜೆ ಜೊತೆಗೆ ಬಂದು ಬಿಟ್ಟು ಹೋಗುವವರೇ ಹೆಚ್ಚು.

ಗುಡ್ಡದ ಎತ್ತರ ಸುಮಾರು 290 ಅಡಿ. ಆತುರವಿಲ್ಲದೆ ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ತುದಿ ಮುಟ್ಟಬಹುದು. ಎಲ್ಲ ಮೆಟ್ಟಿಲುಗಳೂ ಒಂದೇ ಎತ್ತರದಲ್ಲಿಲ್ಲ, ನಡುನಡುವೆ ಬರೀ ಬಂಡೆಯ ಮೇಲೆ ಕಾಲಿಡಬೇಕಾಗುತ್ತದೆ. ಇಬ್ಬನಿ ಬಿದ್ದ ದಿನ ಬಂಡೆಯ ಮೈ ಜಾರುತ್ತದೆ. ಮೇಲಿನ ಕೋಟೆಯನ್ನು ಬಾಲಾ ಹಿಸ್ಸಾರ್ ಎನ್ನುತ್ತಾರೆ. ಅಲ್ಲಿ ಕಮಾನುಗಳುಳ್ಳ ಒಂದು ಸಭಾಮಂಟಪ, ಸಣ್ಣದೊಂದು ಮಸೀದಿ, ಉದ್ದನೆಯ ಹಳೆಯ ತೋಪು (ಫಿರಂಗಿ) ಇವೆ. ತೋಪಿನ ಮೇಲೆ ಕುಳಿತು ಚಿತ್ರ ತೆಗೆಸಿಕೊಳ್ಳುವ ಆಸೆಯನ್ನು ದಯವಿಟ್ಟು ಬಿಟ್ಟುಬಿಡಿ. ಅದರ ಬದಲು ಅದರ ಮೈಯನ್ನು ಹತ್ತಿರದಿಂದ ನೋಡಿ: ಎರಕ ಹೊಯ್ದು ಮಾಡಿದ ತೋಪಲ್ಲ ಅದು; ಕಬ್ಬಿಣದ ಪಟ್ಟಿಗಳನ್ನು ಉದ್ದುದ್ದಕ್ಕೆ ಜೋಡಿಸಿ, ಮೇಲೆ ಬಳೆ ತೊಡಿಸಿದಂತೆ ಕಬ್ಬಿಣದ ಉಂಗುರಗಳನ್ನು ಬಿಗಿದು ಕಮ್ಮಾರರು ಕಟ್ಟಿದ್ದು.

ತುದಿಯಲ್ಲಿ ನಿಂತಾಗ ಮಾಡಬೇಕಾದ ಕೆಲಸ ದಿಕ್ಕುಗಳನ್ನು ಗೊತ್ತುಮಾಡಿಕೊಳ್ಳುವುದು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವಿನ ಈ ದೋಆಬಿಗಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ಅವರ ನಂತರ ಬಿಜಾಪುರದ ಆದಿಲ್‌ಶಾಹಿಗಳೂ ಇನ್ನೂರು ವರ್ಷಗಳ ಕಾಲ ಬಡಿದಾಡಿದರು. ಮೇಲಿನಿಂದ ನೋಡಿದಾಗ ಅದರ ಕಾರಣ ಕಣ್ಣಿಗೇ ಕಾಣುತ್ತದೆ. ಸುತ್ತಲೂ ಹತ್ತಿ, ತೊಗರಿ, ಜೋಳ ಬೆಳೆಯುವ ನೆಲ ಚಾಪೆಯಂತೆ ಹರಡಿದೆ, ನಡುವೆ ಸೈನ್ಯ ಕಾಯಬಹುದಾದ ಎತ್ತರದ ಜಾಗವೆಂದರೆ ಈ ಬಂಡೆಗುಡ್ಡಗಳಷ್ಟೇ. ಹದಿನಾರನೆಯ ಶತಮಾನದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ವ್ಯಾಪಾರಿ ಫೆರ್ನಾವೊ ನೂನಿಜ್ ಈ ಊರನ್ನು ವರ್ಣಿಸುವಾಗ ಎರಡು ದೊಡ್ಡ ನದಿಗಳ ನಡುವಿನ ಬಯಲು, ಗಿಡ್ಡ ಮರಗಳು, ದೊಡ್ಡ ದೊಡ್ಡ ಬಂಡೆಗಳು ಎಂದೇ ಆರಂಭಿಸುತ್ತಾನೆ. ಗುಡ್ಡದ ತುದಿಯ ಕೋಟೆಯಲ್ಲಿ ವರ್ಷವಿಡೀ ಬತ್ತದ ಒರತೆಯೊಂದಿತ್ತೆಂದೂ, ಅಷ್ಟು ಎತ್ತರದಲ್ಲಿ ನೀರು ನಿಲ್ಲುವುದನ್ನು ಜನ ಪವಿತ್ರವೆಂದು ಭಾವಿಸುತ್ತಿದ್ದರೆಂದೂ ಅವನು ಬರೆದಿದ್ದಾನೆ. ನೀರು ಮುಗಿದು ಗುಡ್ಡದ ಮೇಲೆ ಪರದಾಡಿದ ನನಗೆ ಆ ಮಾತು ಬೇರೆ ಯಾರಿಗಿಂತಲೂ ಚೆನ್ನಾಗಿ ತಿಳಿಯುತ್ತದೆ.

ಇನ್ನೊಂದನ್ನು ಇಲ್ಲಿಂದಲೇ ನೋಡಿಕೊಳ್ಳಿ. ದಕ್ಷಿಣದಲ್ಲಿ ಬಂಡೆಗುಡ್ಡಗಳ ಸಾಲೇ ಊರಿಗೆ ಕೋಟೆಯಾಗಿದೆ; ಉಳಿದ ಮೂರು ಕಡೆ ಗೋಡೆ ಕಟ್ಟಿ, ಅದರ ಹೊರಗೆ ಆಳವಾದ ಕಂದಕ ತೋಡಿದ್ದಾರೆ. ಕಂದಕದ ಹಲವು ಭಾಗಗಳನ್ನು ಇಂದು ಊರು ನುಂಗಿದೆಯಾದರೂ ಗೋಡೆಯ ಗೆರೆಯನ್ನು ಮನೆಗಳ ನಡುವೆ ಬೆರಳಿಟ್ಟು ತೋರಿಸಬಹುದು. ಕೆಳಗಿಳಿದ ಮೇಲೆ ದಾರಿ ತಪ್ಪಿದಂತಾದಾಗ ‘ಗುಡ್ಡ ಎಲ್ಲಿದೆಯೋ ಅದು ದಕ್ಷಿಣ’ ಎಂಬ ಒಂದೇ ಗುರುತು ಸಾಕಾಗುತ್ತದೆ. ಎಂಟೂವರೆಯೊಳಗೆ ಕೆಳಗಿಳಿಯಿರಿ. ಹತ್ತುವಾಗಿನದಕ್ಕಿಂತ ಇಳಿಯುವಾಗ ಹೆಚ್ಚು ಜನ ಜಾರಿ ಬೀಳುತ್ತಾರೆ, ಮಾತು ಜೋರಾಗಿ ನಡೆದಿರುವಾಗಲಂತೂ ಖಂಡಿತ.

ತಿಂಡಿ

ಇಳಿದು ಬಂದವರಿಗೆ ಮಂಡಾಳು (ಮಂಡಕ್ಕಿ) ಒಗ್ಗರಣೆ ಮತ್ತು ಮಿರ್ಚಿಗಿಂತ ಉತ್ತಮವಾದ ತಿಂಡಿಯಿಲ್ಲ. ನೆನೆಸಿದ ಮಂಡಾಳಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆ ಕೊಟ್ಟು, ಮೇಲೆ ಪುಠಾಣಿ ಹಿಟ್ಟು ಉದುರಿಸಿ, ಪಕ್ಕದಲ್ಲಿ ಎರಡು ಬಿಸಿ ಮಿರ್ಚಿ ಇಟ್ಟು ಕೊಡುತ್ತಾರೆ. ಬಾಣಲೆಯಿಂದ ಆಗಷ್ಟೇ ತೆಗೆಯುತ್ತಿರುವ ಅಂಗಡಿಯನ್ನು ಆರಿಸಿಕೊಳ್ಳಿ, ಬೋರ್ಡನ್ನು ನೋಡಬೇಡಿ. ಹೊಟ್ಟೆ ಬಿರಿಯುವಷ್ಟು ತಿಂದರೆ ಮುಂದಿನ ನಡಿಗೆ ಸಾಗದು.

ಎರಡು ಗೋಡೆಗಳನ್ನು ಗುರುತಿಸುವುದು

ಈಗ ನಡಿಗೆಯ ಮುಖ್ಯ ಭಾಗಕ್ಕೆ ಬರೋಣ. ಒಳಗೋಡೆ ಹಳೆಯದು. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿಯ ಅಧೀನನಾಗಿದ್ದ ವಿಠ್ಠಲನಾಥನೆಂಬವನು ಇದನ್ನು ಕಟ್ಟಿಸಿದನೆಂದು ಗೋಡೆಯಲ್ಲಿಯೇ ಇರುವ ಶಾಸನ ಹೇಳುತ್ತದೆ. ಹೊರಗೋಡೆ ಸುಲ್ತಾನರ ಕಾಲದ ಕೆಲಸ. ಪುಸ್ತಕದಲ್ಲಿ ಓದಿದಾಗ ಇದು ಬರೀ ಇಸವಿಯ ವ್ಯತ್ಯಾಸ. ಗೋಡೆಯ ಮುಂದೆ ನಿಂತಾಗ ಮಾತ್ರ ಅದು ಎರಡು ಬೇರೆ ಬೇರೆ ಕಸುಬುಗಳ, ಎರಡು ಬೇರೆ ಬೇರೆ ಯುದ್ಧಗಳ ವ್ಯತ್ಯಾಸವೆಂದು ತಿಳಿಯುತ್ತದೆ.

ಒಳಗೋಡೆಯನ್ನು ಗುರುತಿಸಲು ಕಲ್ಲಿನ ಗಾತ್ರವನ್ನು ನೋಡಿ. ಹನ್ನೆರಡು ಅಡಿ ಉದ್ದ, ಮೂರು ಅಡಿ ಎತ್ತರದ ಕಲ್ಲುಗಳು ಇಲ್ಲಿ ಅಪರೂಪವಲ್ಲ. ನಿಮ್ಮ ಗುಂಪಿನಲ್ಲಿ ಎತ್ತರವಿರುವವರು ಒಂದು ಕಲ್ಲಿನ ಉದ್ದಕ್ಕೆ ಎರಡೂ ಕೈ ಚಾಚಿ ನಿಂತರೆ ಕಲ್ಲಿನ ಅರ್ಧವನ್ನಷ್ಟೇ ಅಳೆದಂತಾಗುತ್ತದೆ. ಅದಾದ ಮೇಲೆ ಎರಡು ಕಲ್ಲು ಸೇರುವ ಜಾಗಕ್ಕೆ ಬೆರಳು ತನ್ನಿ. ಅಲ್ಲಿ ಗಾರೆಯಿಲ್ಲ. ಕಲ್ಲಿನ ಅಂಚನ್ನು ಎಷ್ಟು ನಯವಾಗಿ ಕಡೆದು ಕೂಡಿಸಿದ್ದಾರೆಂದರೆ, ಹಲವು ಕಡೆ ಹುಣಸೆ ಎಲೆಯನ್ನೂ ಆ ಸಂದಿನಲ್ಲಿ ತೂರಿಸಲಾಗುವುದಿಲ್ಲ. ನಾನು ತೂರಿಸಲು ಹೋಗಿ ಎಲೆ ಮುದುರಿಹೋಯಿತು. ಕಲ್ಲು ತನ್ನ ತೂಕದಿಂದಲೇ ನಿಂತಿದೆ. ನೂನಿಜ್ ಕೂಡ ಈ ಊರಿನ ಗೋಡೆಗಳು ಸುಣ್ಣವಿಲ್ಲದೆ ಕಟ್ಟಿದ ಭಾರೀ ಕಲ್ಲುಗೋಡೆಗಳೆಂದೂ ಒಳಗೆ ಮಣ್ಣು ತುಂಬಿದ್ದಾರೆಂದೂ ಬರೆದಿರುವುದನ್ನು ನೆನಪಿಸಿಕೊಂಡು ಗೋಡೆಯನ್ನು ಮುಟ್ಟಿದಾಗ, ಐನೂರು ವರ್ಷಗಳ ಹಿಂದೆ ಪರದೇಶಿಯೊಬ್ಬ ಗಮನಿಸಿದ್ದನ್ನೇ ನಿಮ್ಮ ಕೈಯೂ ಗಮನಿಸುತ್ತದೆ.

ಹೊರಗೋಡೆಯಲ್ಲಿ ಕಲ್ಲುಗಳು ಚಿಕ್ಕವು, ಮೈ ಒರಟು, ನಡುವೆ ಗಾರೆ ಕಾಣುತ್ತದೆ, ನಡುನಡುವೆ ದುಂಡನೆಯ ಬುರುಜುಗಳು ಹೊರಚಾಚಿವೆ. ತೋಪುಗಳ ಕಾಲಕ್ಕೆ ಬೇಕಾದ ಗೋಡೆಯದು. ಒಳಗೋಡೆಗೆ ಎರಡು ಬಾಗಿಲು: ಪಶ್ಚಿಮಕ್ಕೆ ಸೈಲಾನಿ ದರ್ವಾಜಾ, ಪೂರ್ವಕ್ಕೆ ಸಿಕಂದರಿ ದರ್ವಾಜಾ. ಹೊರಗೋಡೆಗೆ ಐದು: ಪಶ್ಚಿಮದಲ್ಲಿ ಮೆಕ್ಕಾ ದರ್ವಾಜಾ, ಉತ್ತರದಲ್ಲಿ ನವರಂಗಿ ದರ್ವಾಜಾ, ಪೂರ್ವದಲ್ಲಿ ಕಾಟಿ ದರ್ವಾಜಾ, ದಕ್ಷಿಣದಲ್ಲಿ ಖಂದಕ್ ದರ್ವಾಜಾ, ನೈರುತ್ಯದಲ್ಲಿ ದೊಡ್ಡಿ ದರ್ವಾಜಾ. ಈ ಏಳು ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಕಂಡದ್ದಕ್ಕೆ ಗುರುತು ಹಾಕುತ್ತಾ ಹೋಗಿ. ಮಕ್ಕಳು ಜೊತೆಗಿದ್ದರೆ ಚೀಟಿಯನ್ನು ಅವರ ಕೈಗೇ ಕೊಡಿ. ಎರಡು ಗೋಡೆಗಳ ಒಳಹೊರಗಿನ ಲೆಕ್ಕ ಊರಿನ ಓಣಿಗಳ ಹೆಸರಿನಲ್ಲಿಯೂ ಉಳಿದಿದೆ: ಕೋಟೆಯ ಒಳಗಿನ ವಸತಿಯನ್ನು ಅಂದ್ರೂನ್ ಕಿಲ್ಲಾ ಎಂದೂ ಹೊರಗಿನದನ್ನು ಬೇರೂನ್ ಕಿಲ್ಲಾ ಎಂದೂ ಜನ ಇಂದಿಗೂ ಕರೆಯುತ್ತಾರೆ. ವಿಳಾಸ ಹೇಳುವಾಗ ಈ ಹೆಸರು ಬಂದರೆ ನೀವು ಗೋಡೆಯ ಯಾವ ಮಗ್ಗುಲಲ್ಲಿ ನಿಂತಿದ್ದೀರಿ ಎಂಬುದು ಕೇಳದೆಯೇ ಗೊತ್ತಾಗುತ್ತದೆ.

ಬಾಗಿಲುಗಳಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದದ್ದು ನವರಂಗಿ ದರ್ವಾಜಾದಲ್ಲಿ. ಇಲ್ಲಿನ ಗೋಡೆಗಳಲ್ಲಿ ಮನುಷ್ಯರ, ಪ್ರಾಣಿಗಳ, ದೇವತೆಗಳ ಉಬ್ಬುಶಿಲ್ಪಗಳಿವೆ. ವಿಜಯನಗರದ ಶಿಲ್ಪಗಳನ್ನು ಹಂಪಿಯಲ್ಲಿ ನೋಡಿದವರಿಗೆ ಅವುಗಳ ಕುಲ ತಕ್ಷಣ ತಿಳಿಯುತ್ತದೆ. 1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿ, ಆಮೇಲೆ ಈ ಕೋಟೆಯನ್ನು ಗೆದ್ದ. ಆ ಮುತ್ತಿಗೆಯ ಕಥೆಯನ್ನು ಗೆಳೆಯರಿಗೆ ಹೇಳುವುದಿದ್ದರೆ ಗೋಡೆಯ ಬುಡದಲ್ಲಿ ನಿಂತು ಹೇಳಿ. ನೂನಿಜ್ ಹೇಳುವಂತೆ, ಮುತ್ತಿಗೆ ಹಾಕಿದವರು ಹಾರೆ, ಗುದ್ದಲಿಗಳಿಂದ ಗೋಡೆಯ ಕಲ್ಲುಗಳನ್ನು ಒಂದೊಂದಾಗಿ ಎಬ್ಬುತ್ತಿದ್ದರು, ಮೇಲಿನಿಂದ ಕಾವಲಿನವರು ಅವರನ್ನು ಕೊಲ್ಲುತ್ತಿದ್ದರು. ಆಗ ಬಂದ ಕ್ರಿಸ್ತೊವಾವೊ ದೆ ಫಿಗೆರೆದೊ ಎಂಬ ಪೋರ್ಚುಗೀಸನ ಜೊತೆಗಾರರು ಬಂದೂಕುಗಳಿಂದ ಮೇಲಿನವರು ತಲೆ ಎತ್ತದಂತೆ ಮಾಡಿದಾಗ ಕೆಳಗಿನವರ ಕೆಲಸ ಸಾಗಿತು. ಕೋಟೆಯ ನಾಯಕ ಕೆಳಗೆ ಏನಾಗುತ್ತಿದೆ ಎಂದು ಬಗ್ಗಿ ನೋಡಿದಾಗ ಗುಂಡು ಅವನ ಹಣೆಗೆ ತಗುಲಿತು. ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದರೆ, ಆ ನಾಯಕ ಅಷ್ಟು ಮುಂದಕ್ಕೆ ಬಾಗಬೇಕಾದದ್ದೇಕೆ ಎಂಬುದು ಯಾರೂ ವಿವರಿಸದೆ ತಿಳಿಯುತ್ತದೆ: ಗೋಡೆಯ ಅಂಚಿನಿಂದ ಹೊರಗೆ ಬಗ್ಗದ ಹೊರತು ಅದರ ಬುಡ ಮೇಲಿನವರಿಗೆ ಕಾಣುವಂತಿಲ್ಲ.

ಪೇಟೆ ಮತ್ತು ಮಿನಾರು

ಹನ್ನೊಂದರಿಂದ ಮಧ್ಯಾಹ್ನದ ಊಟದವರೆಗೆ ನೆರಳಿರುವ ಹಳೆಯ ಪೇಟೆಯಲ್ಲಿ ನಡೆಯಿರಿ. ತೀನ್ ಕಂದೀಲ್, ಸರಾಫ್ ಬಜಾರುಗಳ ಸುತ್ತಲಿನ ಓಣಿಗಳು ನಡೆಯುವವರಿಗೆಂದೇ ಆದ ಅಳತೆಯವು. ಇಲ್ಲಿ ನಾನು ದಾರಿ ಹೇಳಿಕೊಡುವುದಿಲ್ಲ. ಸ್ವಲ್ಪ ತಿರುಗಾಡಿ, ಹಳೆಯ ಮನೆಗಳ ಹೊಸ್ತಿಲು, ಕಟ್ಟೆ, ಬಾಗಿಲವಾಡಗಳನ್ನು ನೋಡಿ ಬನ್ನಿ. ಕೋಟೆಯ ಗೋಡೆಗೆ ಒರಗಿಕೊಂಡು ಮನೆಗಳಿರುವ ಕಡೆ ಗೋಡೆಯ ಚಿತ್ರ ತೆಗೆಯಲು ಹೋಗಿ ಯಾರದೋ ಅಂಗಳಕ್ಕೆ ಕ್ಯಾಮೆರಾ ಹಿಡಿದಂತಾಗುತ್ತದೆ. ಮೊದಲು ಕೇಳಿ, ಬೇಡವೆಂದರೆ ಇಳಿಸಿ. ಅವರಿಗೆ ಅದು ಸ್ಮಾರಕವಲ್ಲ, ಹಿತ್ತಲಿನ ಗೋಡೆ.

ಏಕ್ ಮಿನಾರ್ ಮಸೀದಿಯನ್ನು ಮಾತ್ರ ತಪ್ಪಿಸಬಾರದು. ಮಸೀದಿಗೆ ಎರಡೋ ನಾಲ್ಕೋ ಮಿನಾರುಗಳಿರುವುದನ್ನು ನೋಡಿದ ಕಣ್ಣಿಗೆ ಇಲ್ಲಿ ಒಂದೇ ಒಂದು ಮಿನಾರು, ಅದೂ ಕಟ್ಟಡದಿಂದ ಬಿಡಿಯಾಗಿ, ಅಂಗಳದ ಒಂದು ಮೂಲೆಯಲ್ಲಿ ನಿಂತಿರುವುದು ಹೊಸದಾಗಿ ಕಾಣುತ್ತದೆ. ಸುಮಾರು 65 ಅಡಿ ಎತ್ತರದ ಈ ಮಿನಾರು ಬಹಮನಿ ಸುಲ್ತಾನ ಮಹಮೂದ್ ಶಾಹನ ಆಳ್ವಿಕೆಯ ಕೊನೆಗಾಲದ್ದು. ಹಿಜರಿ 919, ಅಂದರೆ 1513ರ ಶಾಸನ ಇಲ್ಲಿದೆ. ಮೇಲಕ್ಕೆ ಹೋದಂತೆ ಸಣ್ಣಗಾಗುವ ಎರಡು ಅಂತಸ್ತು, ಸುತ್ತಲೂ ಚಾಚಿದ ಕಟಾಂಜನ, ತುದಿಗೆ ಗುಮ್ಮಟ. ದೌಲತಾಬಾದಿನ ಚಾಂದ್ ಮಿನಾರನ್ನು ನೋಡಿದವರು ಹೋಲಿಸಿ ನೋಡಬಹುದು. ಇದು ಪ್ರಾರ್ಥನೆ ನಡೆಯುವ ಜಾಗವಾದ್ದರಿಂದ ತಲೆಗೆ ಟವೆಲು ಸುತ್ತಿಕೊಂಡು, ಅಲ್ಲಿನ ಹಿರಿಯರಿಗೆ ಸಲಾಂ ಹೇಳಿ, ಒಳಗೆ ಬರಬಹುದೇ ಎಂದು ಕೇಳಿ ಹೋಗಿ.

ಮಧ್ಯಾಹ್ನದ ಊಟಕ್ಕೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರು ಸಿಗುವ ಖಾನಾವಳಿಯನ್ನು ಹುಡುಕಿಕೊಳ್ಳಿ. ಪುಂಡಿ ಸೊಪ್ಪಿನ ಹುಳಿ ಬಿಸಿಲಿನಲ್ಲಿ ನಡೆದವರ ಬಾಯಿಗೆ ಹೇಳಿ ಮಾಡಿಸಿದಂತಿರುತ್ತದೆ. ಊಟವಾದ ಮೇಲೆ ಒಂದು ಗಂಟೆ ಕೂರುವುದನ್ನು ಆಲಸ್ಯವೆಂದು ತಿಳಿಯಬೇಡಿ. ಮುಂದೆ ನೋಡಬೇಕಾದ ವಸ್ತುವಿಗೆ ಬೆಳಕು ಇನ್ನೂ ಸರಿಯಾಗಿ ಬಿದ್ದಿರುವುದಿಲ್ಲ.

ಕೋಣಗಳ ಸಾಲು

ಒಳಗೋಡೆಯ ಪಶ್ಚಿಮ ಭಾಗದಲ್ಲಿ 41 ಅಡಿಗೂ ಹೆಚ್ಚು ಉದ್ದದ ಒಂದೇ ಕಲ್ಲು ಇದೆ. 1294ರ ಶಾಸನವಿರುವುದು ಅದರ ಮೇಲೆಯೇ. ಆದವಾನಿ, ತುಂಬಳ, ಮಾನ್ವಿಗಳನ್ನು ಗೆದ್ದುಕೊಂಡು ರಾಚೂರಿಗೆ ಬಂದು ಈ ಗೋಡೆಯನ್ನು ಕಟ್ಟಿಸಿದ್ದನ್ನು ಶಾಸನ ಹೇಳುತ್ತದೆ. ಅರಸರ ಗೆಲುವಿನ ಮಾತುಗಳುಳ್ಳ ಶಾಸನಗಳು ನಮ್ಮ ನಾಡಿನಲ್ಲಿ ಸಾವಿರಾರಿವೆ. ಆದರೆ ಇಲ್ಲಿ ಆ ಕಲ್ಲಿನ ಹತ್ತಿರದಲ್ಲಿ, ಅದೇ ಕಲ್ಲನ್ನು ಇಲ್ಲಿಗೆ ತಂದದ್ದು ಹೇಗೆ ಎಂಬುದನ್ನು ಗೆರೆಗಳಲ್ಲಿ ಕೆತ್ತಿಟ್ಟಿದ್ದಾರೆ. ಗೆದ್ದವನ ಹೆಸರಿನ ಜೊತೆಗೆ ಹೊತ್ತವರ ಚಿತ್ರವೂ ಉಳಿದಿರುವ ಇಂಥ ಇನ್ನೊಂದು ಗೋಡೆಯನ್ನು ನಾನು ಕಂಡಿಲ್ಲ. ಇಡೀ ದಿನದಲ್ಲಿ ಒಂದನ್ನೇ ನೋಡಲು ಬಿಡುವಿದ್ದರೆ ಗುಡ್ಡವನ್ನು ಬಿಟ್ಟು ಇದನ್ನು ನೋಡಿ ಎಂದೇ ನಾನು ಹೇಳುವುದು.

ಮೊದಲ ಸಲ ಹುಡುಕಿದಾಗ ನಮಗೆ ಅದು ಸಿಗಲಿಲ್ಲ. ಗೋಡೆಯ ಬದಿಯ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರನ್ನು ‘ಅಜ್ಜಾರ, ಎಮ್ಮಿ ಬಂಡಿ ಕೆತ್ತಿದ ಕಲ್ಲು ಎಲ್ಲೈತ್ರಿ’ ಎಂದು ಕೇಳಿದೆ. ಅವರು ‘ಎಮ್ಮಿ ಅಲ್ಲಪ್ಪಾ, ಕ್ವಾಣ ಅವು. ಎಮ್ಮಿ ಅಷ್ಟು ಎಳಿತಾವೇನು’ ಎಂದು ತಿದ್ದಿ, ಎದ್ದು ಬಂದು, ತಮ್ಮ ಕೋಲಿನ ತುದಿಯನ್ನು ಕಲ್ಲಿಗೆ ತಾಗಿಸದೆ ಗಾಳಿಯಲ್ಲಿಯೇ ಆ ಸಾಲನ್ನು ಗೀಚಿ ತೋರಿಸಿದರು.

ನೋಡುವ ಕ್ರಮ ಹೀಗೆ. ಇವು ಉಬ್ಬುಶಿಲ್ಪಗಳಲ್ಲ, ಬರೀ ಗೆರೆಗಳು. ಬೆಳಕು ನೇರವಾಗಿ ಬಿದ್ದರೆ ಗೆರೆ ಕಲ್ಲಿನ ಬಣ್ಣದಲ್ಲಿ ಕರಗಿಹೋಗುತ್ತದೆ. ಬಿಸಿಲು ಗೋಡೆಯ ಮೈಯನ್ನು ಓರೆಯಾಗಿ ಸವರಿಕೊಂಡು ಹೋಗುವ ಹೊತ್ತಿನಲ್ಲಿ ಗೆರೆಯ ಒಂದು ಅಂಚಿಗೆ ನೆರಳು ಕಟ್ಟಿ ಚಿತ್ರ ಎದ್ದು ಬರುತ್ತದೆ. ಆ ಹೊತ್ತು ತಪ್ಪಿದರೆ ಕೈಚೀಲದ ಟಾರ್ಚನ್ನು ಗೋಡೆಗೆ ಹತ್ತಿರ, ಒಂದು ಬದಿಯಿಂದ ಅಡ್ಡಲಾಗಿ ಹಿಡಿಯಿರಿ. ಒಬ್ಬರು ಹಿಡಿದರೆ ಉಳಿದವರು ನೋಡಬಹುದು. ಗೆರೆಗೆ ಸೀಮೆಸುಣ್ಣ ತುಂಬುವುದು, ನೀರೆರಚುವುದು, ಉಗುರಿನಿಂದ ಕೆರೆಯುವುದು ಇವುಗಳನ್ನು ಮಾಡಲೇಬಾರದು. ಏಳುನೂರು ವರ್ಷ ಮಳೆಗೆ ಅಳಿಯದ್ದು ನಮ್ಮ ಕೈಯಿಂದ ಅಳಿಯುತ್ತದೆ.

ಕಣ್ಣು ಹೊಂದಿದ ಮೇಲೆ ಮೊದಲು ಬಂಡಿಯನ್ನೂ ಅದರ ಮೇಲಿನ ಉದ್ದನೆಯ ಕಲ್ಲನ್ನೂ ಗುರುತಿಸಿ. ಅಲ್ಲಿಂದ ಮುಂದಕ್ಕೆ ನೊಗಕ್ಕೆ ಕಟ್ಟಿದ ಕೋಣಗಳ ಜೋಡಿಗಳು ಒಂದರ ಮುಂದೊಂದು ಸಾಲಾಗಿ ಹೋಗುತ್ತವೆ. ಅವುಗಳನ್ನು ಹೊಡೆಯುವವರು ನಡುವೆ ನಿಂತಿದ್ದಾರೆ. ಬಂಡಿಯ ಗಾಲಿಗಳ ಹತ್ತಿರ ಹಾರೆಕೋಲು ಕೊಟ್ಟು ಗಾಲಿಯನ್ನು ಮೀಟುತ್ತಿರುವ ಜನರನ್ನು ತಪ್ಪದೆ ನೋಡಿ. ಭಾರದ ಬಂಡಿ ಎರೆಮಣ್ಣಿನಲ್ಲಿ ಹೂತಾಗ ಎತ್ತುಗಳನ್ನು ಬಡಿದರೆ ಪ್ರಯೋಜನವಿಲ್ಲ, ಹಿಂದಿನಿಂದ ಗಾಲಿಗೆ ಮೀಟುಗೋಲು ಹಾಕಬೇಕು ಎಂಬುದು ಈ ಸೀಮೆಯ ರೈತರಿಗೆಲ್ಲ ಗೊತ್ತಿರುವ ಸಂಗತಿ. ಕೆತ್ತಿದವನಿಗೂ ಅದು ಗೊತ್ತಿತ್ತು. ಗುಂಪಿನಲ್ಲಿ ಪ್ರತಿಯೊಬ್ಬರೂ ಕೋಣಗಳ ಜೋಡಿಗಳನ್ನು ಬೇರೆ ಬೇರೆಯಾಗಿ ಎಣಿಸಿ, ಕೊನೆಗೆ ಲೆಕ್ಕ ಹೋಲಿಸಿ ನೋಡಿ. ಲೆಕ್ಕ ಹೊಂದದಿದ್ದರೆ ಮತ್ತೆ ಎಣಿಸುವಾಗ ಮೊದಲು ಕಾಣದ ಕೊಂಬೋ ಬಾಲವೋ ಕಾಣುತ್ತದೆ. ಇಲ್ಲಿ ಒಂದು ಗಂಟೆ ಕಳೆದರೂ ಅದು ಹೆಚ್ಚಲ್ಲ.

ಸಂಜೆ

ಉಳಿದ ಹೊತ್ತಿನಲ್ಲಿ ಚೀಟಿಯಲ್ಲಿ ಗುರುತು ಬೀಳದ ಬಾಗಿಲುಗಳಲ್ಲಿ ದಾರಿಗೆ ಹತ್ತಿರವಾದ ಒಂದೆರಡನ್ನು ನೋಡಿಕೊಂಡು, ಐದು ಗಂಟೆಯ ಸುಮಾರಿಗೆ ಮಾವಿನಕೆರೆಯ ಕಡೆಗೆ ನಡೆಯಿರಿ. ಹಿರಿಯರು ಇದನ್ನು ಆಮ್ ತಲಾಬ್ ಎಂದೂ ಕರೆಯುತ್ತಾರೆ. ಎರಡು ಭಾಷೆಗಳಲ್ಲಿಯೂ ಹೆಸರಿನ ಮಾವು ಒಂದೇ. ದಂಡೆಯಿಂದ ತಲೆಯೆತ್ತಿ ನೋಡಿದರೆ ಬೆಳಿಗ್ಗೆ ನಿಂತಿದ್ದ ಗುಡ್ಡ ಕಾಣುತ್ತದೆ. ಚಳಿಗಾಲದಲ್ಲಿ ಆರು ಗಂಟೆಗೆಲ್ಲ ಹೊತ್ತು ಮುಳುಗುವುದರಿಂದ, ಸೂರ್ಯಾಸ್ತ ನೋಡಲೆಂದು ಮತ್ತೊಮ್ಮೆ ಗುಡ್ಡ ಹತ್ತುವ ಯೋಚನೆ ಯಾರಾದರೂ ಮುಂದಿಟ್ಟರೆ ಒಪ್ಪಬೇಡಿ. ಕತ್ತಲಲ್ಲಿ ಆ ಬಂಡೆಗಳ ಮೇಲೆ ಇಳಿಯುವುದು ಅಪಾಯ, ಅದೂ ದಣಿದ ಕಾಲುಗಳಿಂದ.

ರೈಲಿಗೆ ಹೋಗುವವರು ಒಂದು ಗಂಟೆಯನ್ನು ಕೈಯಲ್ಲಿಟ್ಟುಕೊಂಡು ಹೊರಡಿ. 1871ರಲ್ಲಿ ಮುಂಬೈಯಿಂದ ಬಂದ ಹಳಿಯೂ ಮದರಾಸಿನಿಂದ ಬಂದ ಹಳಿಯೂ ಕೂಡಿದ್ದು ಇದೇ ರಾಯಚೂರಿನಲ್ಲಿ ಎಂಬುದನ್ನು ರೈಲು ಕಾಯುವಾಗ ಗೆಳೆಯರಿಗೆ ತಿಳಿಸಬಹುದು. ಏಳು ದರ್ವಾಜಾಗಳನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸಲು ನಮ್ಮ ಗುಂಪಿಗೆ ಇದುವರೆಗೆ ಆಗಿಲ್ಲ. ಗುರುತು ಬೀಳದೆ ಉಳಿದ ಹೆಸರುಗಳಿರುವ ಚೀಟಿಯನ್ನು ಎಸೆಯದೆ, ಗುಂಪಿನಲ್ಲಿ ಮುಂದಿನ ಸಲ ಬರುತ್ತೇನೆಂದು ಮೊದಲು ಹೇಳಿದವರ ಕೈಗೆ ಕೊಟ್ಟು ಕಳಿಸಿ.